ಐದು ವಾರದ ಮರಿಗಳನ್ನು ದೊಡ್ಡ ಕೋಳಿಗಳ ಗೂಡಿಗೆ ಸೇರಿಸುವುದು ಹೇಗೆ? ಮೊದಲ ದಿನವೇ ಒಂದಕ್ಕೆ ಗಾಯ ಆಗಿದೆ

ಸಾಗರದ ಹಿತ್ತಲು

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿ ನಮ್ಮದು. ಹಿತ್ತಲಿನ ಗೂಡಿನಲ್ಲಿ 7 ಹೇಟೆ, 1 ಹುಂಜ ಇವೆ, ಎಲ್ಲಾ ನಾಟಿ. ಈ ಸಲ ಮಳೆಗಾಲ ಮುಗಿದರೂ ಯಾವ ಹೇಟೆಯೂ ಕಾವಿಗೆ ಕೂರಲಿಲ್ಲ. ಅದಕ್ಕೆ ಒಂದು ದಿನದ 12 ಸ್ವರ್ಣಧಾರ ತಳಿಯ ಮರಿ ತಂದೆ. ಕೊಟ್ಟಿಗೆಯ ಮೂಲೆಯಲ್ಲಿ ರಟ್ಟನ್ನು ದುಂಡಗೆ ಸುತ್ತಿ, ಭತ್ತದ ಹೊಟ್ಟು ಹಾಸಿ, ಮೇಲೆ 100 ವಾಟ್ ಬಲ್ಬ್ ಇಳಿಬಿಟ್ಟು ಸಾಕಿದೆ. ಎರಡನೇ ದಿನ ಒಂದು ಸತ್ತಿತು. ಉಳಿದ 11 ಚೆನ್ನಾಗಿವೆ. ಈಗ ಐದು ವಾರ. ಮೈತುಂಬ ಪುಕ್ಕ ಬಂದಿದೆ, ರಟ್ಟು ಹಾರಿ ಹೊರಗೆ ಬರುತ್ತಿವೆ, ದನದ ಕಾಲಿಗೆ ಸಿಕ್ಕಿಬಿಟ್ಟರೆ ಅನ್ನುವ ಭಯ ಬೇರೆ.

ನಿನ್ನೆ ಸಂಜೆ ಎಲ್ಲವನ್ನೂ ದೊಡ್ಡ ಗೂಡಿಗೇ ಬಿಟ್ಟೆ. ಐದು ನಿಮಿಷ ಎರಡೂ ಕಡೆಯವು ಸುಮ್ನೆ ನೋಡುತ್ತಾ ನಿಂತಿದ್ದವು. ಆಮೇಲೆ ಕರಿ ಹೇಟೆ ಕತ್ತಿನ ಪುಕ್ಕ ಕೆದರಿಕೊಂಡು ಬಂತು. ಒಂದು ಮರಿಯನ್ನು ಮೂಲೆಗೆ ಒತ್ತಿ ತಲೆಗೆ ಕುಕ್ಕಿತು, ಬಿಡಲೇ ಇಲ್ಲ. ನಾನು ಬಾಗಿಲು ತೆಗೆದು ಒಳಗೆ ಬಗ್ಗುವಷ್ಟರಲ್ಲಿ ಇನ್ನೆರಡು ಹೇಟೆ ಸೇರಿಕೊಂಡಿದ್ದವು. ಮರಿಯ ನೆತ್ತಿಯ ಚರ್ಮ ಹೆಬ್ಬೆರಳಿನ ಉಗುರಿನಷ್ಟು ಕಿತ್ತು ಬಂದಿದೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಅಡುಗೆಮನೆಯಲ್ಲಿ ಮಂಕರಿ ಮುಚ್ಚಿ ಇಟ್ಟಿದ್ದೇನೆ. ರಾತ್ರಿಯಿಡೀ ಒಂದೇ ಸಮನೆ ಕೂಗಿತು, ನನಗೂ ನಿದ್ದೆ ಇಲ್ಲ.

ಬೇರೆ ಗೂಡು ಕಟ್ಟಲು ಜಾಗ ಇಲ್ಲ. ಗೂಡು 12 ಅಡಿ ಉದ್ದ, 6 ಅಡಿ ಅಗಲ. ಹಗಲು ಹಿತ್ತಲಿಗೆ ಬಿಡುತ್ತೇನೆ. ಇವುಗಳನ್ನು ಯಾವಾಗ, ಹೇಗೆ ಸೇರಿಸಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಚಿಂತಾಮಣಿ ನಾಟಿ ಕೋಳಿ

ಅಕ್ಕ, ಮೊದಲು ಗಾಯದ ಮರಿ ವಿಚಾರ. ಅದನ್ನು ಒಂಟಿಯಾಗಿ ಇಡಬೇಡಿ. ಅದು ಕೂಗುತ್ತಿರುವುದು ನೋವಿಗಿಂತ ಜಾಸ್ತಿ ಜೊತೆಯವು ಕಾಣುತ್ತಿಲ್ಲ ಅಂತ. ಇರುವುದರಲ್ಲಿ ಸಾಧುವಾದ ಒಂದು ಮರಿಯನ್ನು ಅದರ ಜೊತೆ ಬಿಡಿ. ಆದರೆ ಗಾಯದ ಮೇಲೆ ಅರಿಶಿನ ದಪ್ಪಗೆ ಮೆತ್ತಿರಬೇಕು, ಕೆಂಪು ಕಾಣಬಾರದು. ಕೆಂಪು ಕಂಡ ಕಡೆ ಕುಕ್ಕುವುದು ಕೋಳಿಯ ಗುಣ, ಜೊತೆಯಲ್ಲೇ ಬೆಳೆದದ್ದು ಅಂತ ಬಿಡುವುದಿಲ್ಲ. ನಾಲ್ಕೈದು ದಿನಕ್ಕೆ ಗಾಯ ಒಣಗುತ್ತದೆ. ಒಣಗಿದ ಕೂಡಲೇ ಮಿಕ್ಕ ಮರಿಗಳ ಹತ್ತಿರ ಕಳಿಸಿ. ಜಾಸ್ತಿ ದಿನ ದೂರ ಇಟ್ಟರೆ ತನ್ನ ಗುಂಪಿಗೇ ಅದು ಹೊಸಬ ಆಗಿಬಿಡುತ್ತದೆ.

ಇನ್ನು ಕರಿ ಹೇಟೆ. ಅದರ ಮೇಲೆ ಸಿಟ್ಟಾಗಬೇಡಿ. ಗೂಡು ಅದರ ಮನೆ ಅಲ್ವಾ? ಮುಸ್ಸಂಜೆ ಹೊತ್ತಿಗೆ ಗುರುತು ಪರಿಚಯ ಇಲ್ಲದ ಹನ್ನೊಂದು ಜನ ನಡುಮನೆಗೆ ನುಗ್ಗಿದರೆ ನಾವೂ ಸುಮ್ನಿರುವುದಿಲ್ಲ. ಅದರಲ್ಲೂ ಕತ್ತಲಾಗುವ ಮುಂಚಿನ ಅರ್ಧ ಗಂಟೆ ಕೋಳಿಗಳು ಮಲಗುವ ಜಾಗಕ್ಕೆ ಗಳದ ಮೇಲೆ ಗಲಾಟೆ ಮಾಡುವ ಹೊತ್ತು. ನೀವು ಬಿಟ್ಟದ್ದು ಸರಿಯಾಗಿ ಅದೇ ಹೊತ್ತಿಗೆ.

ಹೀಗೆ ಮಾಡಿ. ಆ 12 ಅಡಿ ಗೂಡಿನಲ್ಲಿ ಒಂದು ತುದಿಯ 4 ಅಡಿಗೆ ಮೆಶ್ ಅಡ್ಡ ಕಟ್ಟಿಸಿ. ಮಾಮೂಲಿ ಆರು ಮೂಲೆಯ ಕೋಳಿ ಬಲೆ ಬೇಡ, ಮರಿ ತಲೆ ತೂರಿಸುತ್ತದೆ, ಆಚೆಯಿಂದ ಕುಕ್ಕುತ್ತವೆ. ಕೆಳಗಿನ ಎರಡು ಅಡಿಗಾದರೂ ಅರ್ಧ ಇಂಚಿನ ಮೆಶ್ ಇರಲಿ. ಮರಿಗಳು ಒಳಗಿನ ಭಾಗದಲ್ಲಿ ಎರಡು ವಾರ ಇರಲಿ. ನೋಡಬೇಕು, ಮುಟ್ಟಬಾರದು. ಎರಡೂ ಕಡೆ ಮೇವನ್ನು ಮೆಶ್‌ಗೆ ತಾಗಿಸಿಯೇ ಇಡಿ. ಎದುರುಬದುರು ತಿನ್ನುತ್ತಾ ತಿನ್ನುತ್ತಾ ಮುಖ ಪರಿಚಯ ಆಗುತ್ತದೆ. ನಮ್ಮಲ್ಲಿ 30 ಕೋಳಿ ಇವೆ, ಪ್ರತಿ ಸಲ ಇದೇ ದಾರಿ.

ಹಾಸನದ ತೋಟದ ಮನೆ

ಇಷ್ಟೆಲ್ಲಾ ಬೇಡ. ರಾತ್ರಿ ಎಂಟು ಗಂಟೆ ಮೇಲೆ ದೊಡ್ಡವು ಮಲಗಿರುವಾಗ ಮರಿಗಳನ್ನು ಒಂದೊಂದೇ ಎತ್ತಿ ಗಳದ ಮೇಲೆ ಪಕ್ಕದಲ್ಲಿ ಕೂರಿಸಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ. ಬೆಳಿಗ್ಗೆ ಎದ್ದಾಗ ಜೊತೆಯಲ್ಲೇ ಇದ್ದವು ಅಂದುಕೊಳ್ಳುತ್ತವೆ. ನಮ್ಮ ತಂದೆ ಕಾಲದಿಂದ ಹೀಗೇ ಮಾಡುತ್ತಿದ್ದೇವೆ.

ಚಿಂತಾಮಣಿ ನಾಟಿ ಕೋಳಿ

ಅಣ್ಣ, ಅದು ದೊಡ್ಡ ಕೋಳಿ ಜೊತೆ ದೊಡ್ಡ ಕೋಳಿ ಸೇರಿಸುವಾಗ ನಡೆಯುತ್ತದೆ. ನಾನೂ ಮಾಡಿದ್ದೇನೆ. ಐದು ವಾರದ ಮರಿಗೆ ಬೇಡ. ರಾತ್ರಿ ಏನೋ ಸುಮ್ಮನೆ ಕಳೆಯುತ್ತದೆ, ಆದರೆ ಬೆಳಗಿನ ಜಾವ ಐದೂವರೆಗೆ ಬೆಳಕು ಹರಿದಾಗ ಗೂಡಿನ ಬಾಗಿಲು ಇನ್ನೂ ಮುಚ್ಚಿರುತ್ತದೆ, ಓಡಲು ದಾರಿ ಇರುವುದಿಲ್ಲ. ನಾನು ಮೂರು ಮರಿ ಕಳೆದುಕೊಂಡದ್ದು ಅಂಥದ್ದೇ ಒಂದು ಬೆಳಿಗ್ಗೆ. ಎದ್ದು ಹೋಗಿ ನೋಡುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಸನದ ತೋಟದ ಮನೆ

ಒಪ್ಪುತ್ತೇನೆ. ನಮ್ಮದು ಬಾಗಿಲಿಲ್ಲದ ಗೂಡು, ಹಲಸಿನ ಮರದ ಕೆಳಗೆ, ಬೆಳಕಾದ ಕೂಡಲೇ ಇಳಿದು ಚೆದುರಿ ಹೋಗುತ್ತವೆ. ಅದಕ್ಕೇ ನಮಗೆ ತೊಂದರೆ ಆಗಿಲ್ಲ ಅನಿಸುತ್ತದೆ. ಬಾಗಿಲು ಹಾಕುವವರು ರಾತ್ರಿ ಸೇರಿಸಿದರೆ ಬೆಳಕು ಹರಿಯುವ ಮುಂಚೆ ಅಲ್ಲಿ ನಿಂತಿರಬೇಕು.

ಪುತ್ತೂರು ಅಡಿಕೆ ತೋಟ

ಈಗಿನ ಮರಿಗಳಿಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಆದರೂ ಮುಂದಿನ ಸಲಕ್ಕೆ ಇರಲಿ ಅಂತ ಬರೆಯುತ್ತೇನೆ ಮೇಡಂ. ಕಾವಿಗೆ ಕೂತ ಹೇಟೆ ಒಂದು ಸಿಕ್ಕಿದರೆ ಬಲ್ಬೂ ಬೇಡ, ಮೆಶ್ಶೂ ಬೇಡ.

ಎರಡು ವರ್ಷದ ಹಿಂದೆ ನಮ್ಮ ಒಂದು ಕೆಂಪು ಹೇಟೆ ಕಾವಿಗೆ ಕೂತಿತ್ತು. ಮೊಟ್ಟೆ ಇಟ್ಟದ್ದು 9. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿದೆ, ಐದರಲ್ಲಿ ಏನೂ ಇರಲಿಲ್ಲ. ನಾಲ್ಕರಲ್ಲಿ ಮಾತ್ರ ಕೆಂಪು ನರ ಹರಡಿದ್ದು ಕಂಡಿತು. 21ನೇ ದಿನಕ್ಕೆ ನಾಲ್ಕೂ ಒಡೆದವು. ಅವತ್ತೇ ನನ್ನ ಭಾವನವರು ಒಂದು ದಿನದ 6 ಮರಿ ತಂದಿದ್ದರು. ರಾತ್ರಿ ಲೈಟ್ ಹಾಕದೆ ಹೋಗಿ, ಹೇಟೆಯ ಎದೆಯ ಕೆಳಗೆ ಅಂಗೈ ತೂರಿಸಿ ಒಂದೊಂದೇ ಮರಿ ಬಿಟ್ಟೆ. ಎಂಥ ಬಿಸಿ ಅಂತೀರಿ, ಕೈ ತೆಗೆಯಲು ಮನಸ್ಸಾಗಲಿಲ್ಲ. ಹೇಟೆ ಒಂದು ಸಲ ಗುರ್ ಅಂದಿತು, ನನ್ನ ಮಣಿಕಟ್ಟಿಗೆ ಕುಕ್ಕಿತು, ಆಮೇಲೆ ರೆಕ್ಕೆ ಅಗಲ ಮಾಡಿ ಎಲ್ಲವನ್ನೂ ಒಳಗೆ ಎಳೆದುಕೊಂಡಿತು. ಬೆಳಿಗ್ಗೆ ಹತ್ತೂ ಅದರದ್ದೇ.

ಹುಟ್ಟಿ ಒಂದೆರಡು ದಿನ ಆದ ಮರಿ ಆದರೆ ಮಾತ್ರ ಹೀಗೆ ಒಪ್ಪಿಕೊಳ್ಳುತ್ತದೆ. ವಾರ ಕಳೆದರೆ ಆಗುವುದಿಲ್ಲ, ಮರಿಯೂ ತಾಯಿ ಅಂತ ಹಿಂದೆ ಹೋಗುವುದಿಲ್ಲ.

ತಾಯಿ ಜೊತೆ ಬೆಳೆದ ಮರಿಗಳನ್ನು ಗುಂಪಿಗೆ ಸೇರಿಸುವ ಕೆಲಸವೇ ಇಲ್ಲ. ಅದೇ ಕರೆದುಕೊಂಡು ಹೋಗುತ್ತದೆ. ಹುಂಜ ಹತ್ತಿರ ಬಂದರೂ ಮೈ ಉಬ್ಬಿಸಿ ಎದುರು ನಿಲ್ಲುತ್ತದೆ. ಗಿಡುಗ ಹಾರಿದರೆ ಒಂದು ಕೂಗಿಗೆ ಎಲ್ಲಾ ಕೆಸುವಿನ ಎಲೆ ಅಡಿಗೆ. ಎರಡು ತಿಂಗಳ ಸುಮಾರಿಗೆ ತಾಯಿಯೇ ಮರಿಗಳನ್ನು ಕುಕ್ಕಿ ದೂರ ಮಾಡುತ್ತದೆ. ಆಗ ಅವು ಗುಂಪಿನ ನಡುವೆ ಬದುಕಲು ಕಲಿತಿರುತ್ತವೆ.

ಸಾಗರದ ಹಿತ್ತಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಪೇಟೆಗೆ ಹೋಗಿ ಮೆಶ್ ತರುತ್ತೇನೆ. ಗಾಯದ ಮರಿಗೆ ಜೊತೆ ಬಿಟ್ಟ ಮೇಲೆ ಕೂಗು ನಿಂತಿತು. ಈಗ ಎರಡೂ ನುಚ್ಚು ತಿನ್ನುತ್ತಿವೆ.

ಪುತ್ತೂರಿನ ಅಣ್ಣ, ನಮ್ಮ ಅಜ್ಜಿ ಕಾವಿನ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಿದ್ದರು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ನಿಮ್ಮ ಕಡೆಯೂ ಇದೆಯಾ?

ಪುತ್ತೂರು ಅಡಿಕೆ ತೋಟ

ಇದೆ ಇದೆ. ನಮ್ಮ ಅಮ್ಮ ಈಗಲೂ ಒಂದು ಮೊಳೆ ಹಾಕುತ್ತಾರೆ. ನಾನು ಬೇಡ ಅನ್ನುವುದಿಲ್ಲ.

ನಿವೃತ್ತ ಪಶು ಪರೀಕ್ಷಕ

ತಂಗಿ, ಮೆಶ್ ಕಟ್ಟಿಸುವುದು ಒಳ್ಳೆಯದು. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ಮರಿಗಳಿಗೆ ಲಸಿಕೆ ಆಗಿದೆಯಾ? ಕುಕ್ಕಿ ಸಾಯುವ ಮರಿಗಿಂತ ರೋಗದಿಂದ ಸಾಯುವ ಮರಿ ಜಾಸ್ತಿ. ನನ್ನ ಸರ್ವೀಸ್ ಪೂರ್ತಿ ನೋಡಿದ್ದು ಅದನ್ನೇ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದು ಸಲ ಹಿತ್ತಲಿಗೆ ಬಂದರೆ ಗೂಡಿಗೆ ಗೂಡೇ ಖಾಲಿ. ಮೊದಲ ವಾರದಲ್ಲಿ, 5ರಿಂದ 7ನೇ ದಿನದ ಒಳಗೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸೋಟಾ, ಅಂದರೆ ಕೊಕ್ಕರೆ ರೋಗದ ಲಸಿಕೆ. 14ನೇ ದಿನದ ಸುಮಾರಿಗೆ ಗಂಬೊರೊ ಅನ್ನುವ ಇನ್ನೊಂದು ರೋಗದ ಲಸಿಕೆ. 28ನೇ ದಿನದ ಹತ್ತಿರ ಮತ್ತೆ ಲಸೋಟಾ. ಆರೇಳು ವಾರಕ್ಕೆ ಸಿಡುಬಿನದ್ದು. 8 ವಾರ ತುಂಬಿದ ಮೇಲೆ ಆರ್-2-ಬಿ ಅನ್ನುವ ಚುಚ್ಚುಮದ್ದು. ಆರ್-2-ಬಿ ಜೋರಿನ ಲಸಿಕೆ, ಎಳೆ ಮರಿಗೆ ಕೊಡಬೇಡಿ. ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬಾಟಲಿ ಒಡೆದರೆ ನೂರು ಡೋಸ್ ಇರುತ್ತದೆ, ಹಾಗಾಗಿ ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಮಾಡಿಸುವುದು ಒಳ್ಳೆಯದು. ತರುವಾಗ ಐಸ್ ಇಟ್ಟು ತನ್ನಿ. ಬಿಸಿಲಲ್ಲಿ ಜೇಬಿನಲ್ಲಿ ತಂದ ಲಸಿಕೆ ನೀರಿಗೆ ಸಮ.

ಎರಡನೆಯದು ರಕ್ತಭೇದಿ. ಮೂರು ವಾರದಿಂದ ಆರೇಳು ವಾರದ ಮರಿಗಳಿಗೆ ಬರುವ ಕಾಯಿಲೆ. ದೊಡ್ಡ ಕೋಳಿಗಳ ಹಿಕ್ಕೆಯಲ್ಲಿ ಇದರ ಬೀಜ ಇದ್ದೇ ಇರುತ್ತದೆ. ಅವುಗಳ ಮೈಗೆ ಒಗ್ಗಿಹೋಗಿರುತ್ತದೆ, ಬಲ್ಬ್ ಕೆಳಗೆ ಶುಚಿಯಾಗಿ ಬೆಳೆದ ಮರಿಗೆ ಒಗ್ಗಿರುವುದಿಲ್ಲ. ಏಕಾಏಕಿ ಹಳೇ ಗೂಡಿಗೆ ಬಿಟ್ಟರೆ ನಾಲ್ಕೈದು ದಿನಕ್ಕೆ ರೆಕ್ಕೆ ಜೋಲು ಬಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತವೆ, ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ. ಮೆಶ್ ಪಕ್ಕದಲ್ಲಿ ಎರಡು ವಾರ ಇಡುವುದರಿಂದ ಇದಕ್ಕೂ ಅನುಕೂಲ ಇದೆ, ಸ್ವಲ್ಪ ಸ್ವಲ್ಪವೇ ತಗುಲಿ ತಡೆಯುವ ಶಕ್ತಿ ಬರುತ್ತದೆ. ಆದರೆ ಹಾಸು ಒಣಗಿರಬೇಕು. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಿದರೆ ತೇವ ಜಾಸ್ತಿ, ಬದಲಾಯಿಸಿ. ಮುಷ್ಟಿ ಬಿಟ್ಟ ಕೂಡಲೇ ಉದುರಿದರೆ ಸರಿ. ಸಾಗರದ ಕಡೆ ಮಳೆ ನಿಂತ ಮೇಲೂ ನೆಲದ ತೇವ ಬೇಗ ಆರುವುದಿಲ್ಲ. ರಕ್ತ ಕಂಡರೆ ಆ ದಿನವೇ ಡಾಕ್ಟರ್‌ಗೆ ತೋರಿಸಿ, ನೀರಿನಲ್ಲಿ ಹಾಕುವ ಔಷಧಿ ಕೊಡುತ್ತಾರೆ. ನಾಳೆ ನೋಡೋಣ ಅನ್ನಬೇಡಿ.

ಮೂರನೆಯದು ಮೇವು. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಶೇಕಡಾ 3.5ರಿಂದ 4 ಇರುತ್ತದೆ. ಮರಿಗೆ ಶೇಕಡಾ 1 ಸಾಕು. ತಿಂಗಳುಗಟ್ಟಲೆ ಜಾಸ್ತಿ ಸುಣ್ಣ ತಿಂದರೆ ಮರಿಯ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಯಾರು ಯಾವುದನ್ನು ತಿಂದರು ಅಂತ ಕಾಯಲು ಆಗುವುದಿಲ್ಲ ಅಲ್ವಾ? ಅದಕ್ಕೆ ಸುಲಭ ದಾರಿ, ಎಲ್ಲಕ್ಕೂ ಬೆಳೆಯುವ ಮರಿಗಳ ಮೇವನ್ನೇ ಹಾಕಿ. ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಮೊಟ್ಟೆ ಇಡುವ ಹೇಟೆ ತನಗೆ ಬೇಕಾದಷ್ಟು ತಾನೇ ಹುಡುಕಿ ತಿನ್ನುತ್ತದೆ.

ಸಾಗರದ ಹಿತ್ತಲು

ಸರ್, ಏಳನೇ ದಿನದ್ದು, 14ನೇ ದಿನದ್ದು ಆಗಿದೆ. 28ರದ್ದು ತಪ್ಪಿಹೋಗಿದೆ. ಸೋಮವಾರ ಮಾಡಿಸುತ್ತೇನೆ, ಪಕ್ಕದ ಮನೆಯವರನ್ನೂ ಕೇಳಿದ್ದೇನೆ, ಅವರದ್ದು 15 ಕೋಳಿ ಇವೆ.

ಬೆಂಗಳೂರು ಟೆರೇಸ್

ನನ್ನದು ಯಲಹಂಕದ ಕಡೆ ಟೆರೇಸ್ ಮೇಲಿನ ಗೂಡು, 5 ಕೋಳಿ, ಜಾಗ ತುಂಬಾ ಕಡಿಮೆ. ಇಕ್ಕಟ್ಟಿನಲ್ಲಿ ನಾನು ಕಲಿತದ್ದು ಇಷ್ಟು. ಮೂಲೆ ಇರಬಾರದು. ಕುಕ್ಕಿಸಿಕೊಂಡ ಮರಿ ಸಾಯುವುದು ಮೊದಲ ಏಟಿಗಲ್ಲ, ಓಡಲು ಆಗದೆ ಅದೇ ಜಾಗದಲ್ಲಿ ಹತ್ತು ಏಟು ತಿಂದು. ನಾನು ಎರಡು ಪ್ಲಾಸ್ಟಿಕ್ ಹಣ್ಣಿನ ಕ್ರೇಟ್ ಬೋರಲು ಹಾಕಿದೆ, ಗೋಡೆಗೆ ಒಂದು ಹಲಗೆ ಓರೆಯಾಗಿ ಒರಗಿಸಿದೆ, ಹಿಂದಿನಿಂದಲೂ ಮುಂದಿನಿಂದಲೂ ನುಗ್ಗಿ ಹೊರಬರುವ ಹಾಗೆ. ಒಂದೇ ಬಾಯಿ ಇರುವ ಡಬ್ಬ ಇಡಬೇಡಿ, ಅದು ಮತ್ತೊಂದು ಮೂಲೆ ಆಗುತ್ತದೆ. ಮೇವು ಎರಡು ಕಡೆ, ನೀರು ಎರಡು ಕಡೆ, ಒಂದರ ಹತ್ತಿರ ನಿಂತ ಕೋಳಿಗೆ ಇನ್ನೊಂದು ಕಾಣಬಾರದು.

ಮತ್ತೆ ಸೇರಿಸುವ ದಿನ ಒಂದು ಎಲೆಕೋಸನ್ನು ದಾರಕ್ಕೆ ಕಟ್ಟಿ ದೊಡ್ಡವುಗಳ ಕತ್ತಿನ ಎತ್ತರಕ್ಕೆ ತೂಗುಹಾಕಿ. ಅದನ್ನು ಕುಕ್ಕುತ್ತಾ ಒಂದು ಗಂಟೆ ಕಳೆಯುತ್ತವೆ.

ಮೈಸೂರು ಮೇಷ್ಟ್ರು

ಈ ಕುಕ್ಕಾಟದ ವಿಚಾರ ನೂರು ವರ್ಷದ ಹಿಂದೆಯೇ ನಾರ್ವೆಯ ತೋರ್ಲೀಫ್ ಶೆಲ್ಡೆರುಪ್ ಎಬ್ಬೆ ಅನ್ನುವವರು ಕೂತು ಅಧ್ಯಯನ ಮಾಡಿದ್ದಾರೆ. ಚಿಕ್ಕ ಹುಡುಗ ಇದ್ದಾಗಲೇ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಅಂತ ನೋಡಿ ಬರೆದಿಡುತ್ತಿದ್ದರಂತೆ. ಗುಂಪಿನಲ್ಲಿ ಪ್ರತಿ ಕೋಳಿಗೂ ಒಂದು ಸ್ಥಾನ ಇದೆ, ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ಈ ಸಾಲು ಒಮ್ಮೆ ಗಟ್ಟಿಯಾದರೆ ಜಗಳ ಕಡಿಮೆ. ಹೊಸ ಕೋಳಿ ಬಂದಾಗ ಸಾಲು ಕಲಕುತ್ತದೆ. ಆದ್ದರಿಂದ ಮೇಡಂ, ಸ್ವಲ್ಪ ಕುಕ್ಕಾಟ ಆಗಿಯೇ ಆಗುತ್ತದೆ. ಒಂದು ಏಟು ಕೊಟ್ಟು ಬಿಟ್ಟರೆ ನೀವು ನಡುವೆ ಹೋಗಬೇಡಿ. ಅಟ್ಟಿಸಿಕೊಂಡು ಹೋಗಿ ಮೇಲೆ ಹತ್ತಿ ಕುಕ್ಕಿದರೆ, ರಕ್ತ ಬಂದರೆ, ಆಗ ಮಾತ್ರ ಬಿಡಿಸಿ. ಕುಕ್ಕುವ ಹೇಟೆಯನ್ನು ಎರಡು ಮೂರು ದಿನ ಬೇರೆ ಮಂಕರಿ ಕೆಳಗೆ ಹಾಕಿಟ್ಟು ವಾಪಸ್ ಬಿಟ್ಟರೆ ಅದರ ಜೋರು ತಗ್ಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಸಾಗರದ ಹಿತ್ತಲು

(ಎರಡು ವಾರದ ಮೇಲೆ ಬರೆಯುತ್ತಿದ್ದೇನೆ)

ಮೆಶ್ ಕಟ್ಟಿಸಿದೆ. ಮೊದಲ ಮೂರು ದಿನ ಕರಿ ಹೇಟೆ ಮೆಶ್ ಆಚೆ ಹಿಂದಕ್ಕೂ ಮುಂದಕ್ಕೂ ನಡೆದಾಡುತ್ತಾ ಪುಕ್ಕ ಕೆದರುತ್ತಿತ್ತು. ನಾಲ್ಕನೇ ದಿನ ಅದಕ್ಕೂ ಬೇಜಾರಾಯಿತು ಅಂತ ಕಾಣುತ್ತದೆ, ಬೆನ್ನು ತಿರುಗಿಸಿ ಬೂದಿಯಲ್ಲಿ ಹೊರಳಾಡಿತು. ಗಾಯದ ಮರಿ ಐದನೇ ದಿನಕ್ಕೆ ಗುಂಪು ಸೇರಿತು. ನೆತ್ತಿ ಮೇಲೆ ಹೊಸ ಪುಕ್ಕದ ಮೊನೆಗಳು ಮುಳ್ಳಿನ ಹಾಗೆ ಎದ್ದಿವೆ.

ಒಂದು ಅನಾಹುತ ತಪ್ಪಿತು. ಎಂಟನೇ ರಾತ್ರಿ ಮರಿಗಳು ಗಾಬರಿಯಿಂದ ಕೂಗಿದವು. ಟಾರ್ಚ್ ಹಾಕಿದರೆ ಗೂಡಿನ ಹೊರಗೆ ಒಂದು ದೊಡ್ಡ ಕೆರೆಹಾವು, ಮೆಶ್‌ಗೆ ಮೂತಿ ಒತ್ತಿ ಜಾಗ ಹುಡುಕುತ್ತಿತ್ತು. ಹೊರಗೋಡೆಗೂ ಅರ್ಧ ಇಂಚಿನದನ್ನೇ ಹಾಕಿಸಿದ್ದರಿಂದ ಬಚಾವ್. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು ಇತ್ತು, ಮಾರನೇ ದಿನ ಹಲಗೆ ಹೊಡೆಸಿದೆ.

ಈಗ ಏಳು ವಾರ. ಮೆಶ್ ಪೂರ್ತಿ ತೆಗೆಯಲಾ?

ಚಿಂತಾಮಣಿ ನಾಟಿ ಕೋಳಿ

ಪೂರ್ತಿ ಬೇಡ ಅಕ್ಕ. ಮೆಶ್‌ನ ಬುಡದಲ್ಲಿ ಎರಡು ಕಡೆ ಕಿಂಡಿ ಕತ್ತರಿಸಿ, ಮರಿ ನುಸುಳಬೇಕು, ಹೇಟೆ ನುಸುಳಬಾರದು. ಅಗಲ ನಾಲ್ಕು ಇಂಚಿಂದ ಶುರು ಮಾಡಿ. ನಾಟಿ ಹೇಟೆ ಮೈ ಸಣ್ಣದು, ನುಗ್ಗಿದರೆ ಅರ್ಧ ಇಂಚು ಕಡಿಮೆ ಮಾಡಿ. ಕತ್ತರಿಸಿದ ತಂತಿಯ ತುದಿ ಒಳಕ್ಕೆ ಮಡಚಿ, ಇಲ್ಲದಿದ್ದರೆ ಮೈ ಗೀರುತ್ತದೆ. ಮರಿಗಳ ಮೇವು, ನೀರು ಒಳಗೇ ಇರಲಿ. ಬೇಕಾದಾಗ ಆಚೆ ಹೋಗುತ್ತವೆ, ಹೆದರಿದರೆ ಓಡಿ ಬರುತ್ತವೆ. ಯಾವಾಗ ಸೇರಬೇಕು ಅನ್ನುವುದನ್ನು ಅವೇ ನಿರ್ಧಾರ ಮಾಡಲಿ.

ಮೊದಲ ಸಲ ಹಿತ್ತಲಿನ ಬಯಲಲ್ಲಿ ಒಟ್ಟಿಗೆ ಬಿಡಿ, ಮಧ್ಯಾಹ್ನ ನಾಲ್ಕರ ಮೇಲೆ. ದೊಡ್ಡವುಗಳ ಹೊಟ್ಟೆ ತುಂಬಿರಬೇಕು. ಹನ್ನೊಂದನ್ನೂ ಒಂದೇ ಸಲ ಬಿಡಿ, ಒಂದೆರಡನ್ನೇ ಬಿಟ್ಟರೆ ಏಟೆಲ್ಲಾ ಅದಕ್ಕೇ ಬೀಳುತ್ತದೆ.

ಸಾಗರದ ಹಿತ್ತಲು

(ಮತ್ತೆ ಮೂರು ವಾರದ ಮೇಲೆ)

ಕಿಂಡಿ ಮಾಡಿದ ದಿನ ಒಂದು ಮರಿಯೂ ಹೊರಗೆ ಹೋಗಲಿಲ್ಲ. ಎರಡನೇ ದಿನ ಮೊದಲು ಹೋದದ್ದು ಗಾಯವಾದ ಮರಿಯೇ! ಕತ್ತು ಉದ್ದ ಮಾಡಿ, ಒಂದು ಕಾಲು ಎತ್ತಿ ಅಷ್ಟು ಹೊತ್ತು ನಿಂತು, ಆಮೇಲೆ ಪುಳಕ್ ಅಂತ ನುಸುಳಿತು. ನನ್ನ ಎದೆ ಡವಡವ. ಕರಿ ಹೇಟೆ ಬಂದು ಬೆನ್ನಿಗೆ ಒಂದು ಕೊಟ್ಟಿತು. ಮರಿ ಕಿಂಡಿಯೊಳಗೆ ಓಡಿತು, ಹೇಟೆಯ ತಲೆ ಕಿಂಡಿಯಲ್ಲಿ ಬಂತು, ಭುಜ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮರಿ ಮತ್ತೆ ಹೋಯಿತು. ಮೇಷ್ಟ್ರು ಹೇಳಿದ ಹಾಗೆ ನಾನು ಕೈ ಕಟ್ಟಿಕೊಂಡು ನಿಂತೆ, ಅದು ಬಲು ಕಷ್ಟದ ಕೆಲಸ.

ವಾರದಲ್ಲಿ ಎಲ್ಲಾ ಓಡಾಡಲು ಶುರು ಮಾಡಿದವು. ಸಂಜೆ ಹಿತ್ತಲಿಗೆ ಒಟ್ಟಿಗೇ ಬಿಟ್ಟೆ. ಅಣ್ಣನ ಮಗ ಅಡಿಕೆ ತೋಟದಿಂದ ಗೆದ್ದಲು ಹಿಡಿದ ಒಂದು ಕೊರಡು ತಂದು ಒಡೆದ. ಅದರ ಸುತ್ತ ಹೇಟೆ, ಹುಂಜ, ಮರಿ ಎಲ್ಲಾ ಒಂದೇ ಗುಂಪು, ಯಾರಿಗೂ ಜಗಳ ಆಡಲು ಪುರುಸೊತ್ತಿಲ್ಲ. ಹುಂಜ ಮಾತ್ರ ತಾನು ತಿನ್ನದೆ ಕೊಕ್ ಕೊಕ್ ಅಂತ ಮರಿಗಳನ್ನೂ ಕರೆಯಿತು. ನನಗೆ ಇದು ಹೊಸದು, ಹುಂಜದಿಂದ ತೊಂದರೆ ಆಗುತ್ತದೆ ಅಂತಲೇ ನಾನು ಹೆದರಿದ್ದೆ.

ಈಗ ಹತ್ತು ವಾರ. ಹೋದ ವಾರ ಆರ್-2-ಬಿ ಆಯಿತು. ಹನ್ನೊಂದೂ ಇವೆ. ರಾತ್ರಿ ದೊಡ್ಡವು ಮೇಲಿನ ಗಳದಲ್ಲಿ, ಇವು ಕೆಳಗಿನ ಗಳದಲ್ಲಿ ಸಾಲಾಗಿ ಕೂರುತ್ತವೆ. ಮೇವಿನ ಹತ್ತಿರ ಕರಿ ಹೇಟೆ ಬಂದರೆ ಮರಿಗಳು ಜಾಗ ಬಿಡುತ್ತವೆ, ಎರಡನೇ ತಟ್ಟೆಗೆ ಹೋಗುತ್ತವೆ, ಅಷ್ಟೇ. ಮೆಶ್ ಬಿಚ್ಚಿ, ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಮೊನ್ನೆಯಿಂದ ಕರಿ ಹೇಟೆ ಮೊಟ್ಟೆ ಬುಟ್ಟಿ ಬಿಟ್ಟು ಏಳುತ್ತಿಲ್ಲ. ಕೈ ಹಾಕಿದರೆ ಮೈ ಉಬ್ಬಿಸಿ ಗುರ್ ಅನ್ನುತ್ತದೆ. ಎದೆ ಕೆಳಗೆ ಪುಕ್ಕ ಉದುರಿ ಚರ್ಮ ಬಿಸಿಯಾಗಿದೆ. ಪುತ್ತೂರಿನ ಅಣ್ಣ, ಎಷ್ಟು ಮೊಟ್ಟೆ ಇಡಲಿ?

ಪುತ್ತೂರು ಅಡಿಕೆ ತೋಟ

ನಾಟಿ ಹೇಟೆ ಅಲ್ವಾ, ಹತ್ತು ಹನ್ನೊಂದು ಸಾಕು, ಮೈಯಿಂದ ಒಂದೂ ಹೊರಗೆ ಕಾಣಬಾರದು. ವಾರದೊಳಗಿನ ಮೊಟ್ಟೆ ಆರಿಸಿ, ಫ್ರಿಜ್‌ನದ್ದು ಬೇಡ. ಎಲ್ಲವನ್ನೂ ಒಂದೇ ಸಲ, ಇವತ್ತು ರಾತ್ರಿ ಇಡಿ. ಪೆನ್ಸಿಲ್‌ನಲ್ಲಿ ಒಂದೊಂದಕ್ಕೂ ಗುರುತು ಹಾಕಿ, ಬೇರೆ ಹೇಟೆ ಬಂದು ಇಟ್ಟು ಹೋದರೆ ಗೊತ್ತಾಗುತ್ತದೆ. ಕಬ್ಬಿಣದ ಚೂರೂ ಹಾಕಿ, ಅಜ್ಜಿಯ ನೆನಪಿಗೆ.